ಸೇವಾಯಾತ್ರೆಯ ಮೊದಲ ನಾಲ್ಕು ದಿನ ಖಾಲಿ ಬಿಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಕರಾವಳಿಯ ಚರ್ಚುಗಳಲ್ಲಿ ಪೂರ್ವ ಆಫ್ರಿಕಾಕ್ಕೆ ಎರಡು ಮೂರು ವಾರಗಳ ಸೇವಾಯಾತ್ರೆ ಹೊರಡುವ ತಂಡಗಳ ಸಿದ್ಧತೆಯೂ ಶುರುವಾಗುತ್ತದೆ. ಬೀಳ್ಕೊಡುಗೆ ಪ್ರಾರ್ಥನೆ, ಒಂದೇ ಬಣ್ಣದ ಟೀ-ಶರ್ಟು, ಪತ್ರಿಕೆಯಲ್ಲೊಂದು ಫೋಟೊ. ಹೊರಡುವ ತಂಡಗಳಿಗೆ ಆರೋಗ್ಯ ಮತ್ತು ಪ್ರಯಾಣದ ತರಬೇತಿ ಕೊಡುವ ನಮಗೆ ಫೋಟೊದ ಬಗ್ಗೆ ತಕರಾರಿಲ್ಲ, ಅದರ ಜೊತೆ ಹಂಚುವ ಕಾರ್ಯಕ್ರಮ ಪಟ್ಟಿಯ ಬಗ್ಗೆ ಇದೆ. ಮೊದಲ ದಿನ ಉಗಾಂಡಾದ ಎಂಟೆಬೆಯಲ್ಲಿ ಇಳಿಯುವುದು, ಎರಡನೇ ದಿನ ವೈದ್ಯಕೀಯ ಶಿಬಿರ, ಮೂರನೇ ದಿನ ಮಕ್ಕಳ ಬೈಬಲ್ ಶಾಲೆ, ನಾಲ್ಕನೇ ದಿನ ಭಾನುವಾರದ ಆರಾಧನೆಯಲ್ಲಿ ಸಂದೇಶ. ದಾನಿಗಳಿಗೆ ತೋರಿಸಲು ಇಂಥ ಪಟ್ಟಿ ಚೆನ್ನಾಗಿಯೇ ಇರುತ್ತದೆ. ಆದರೆ ಹೋದವರ ದೇಹಕ್ಕೂ ಬರಮಾಡಿಕೊಂಡವರ ಮನೆಗೂ ಅದು ದೊಡ್ಡ ಹೊರೆ. ಮೊದಲ ನಾಲ್ಕು ದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಉಗಾಂಡಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕಾರಣ ಹೇಳುತ್ತೇವೆ.

ಮೊದಲನೆಯದಾಗಿ, ನಮ್ಮ ರಜೆಯ ಕಾಲವೇ ಸರಿಯಿಲ್ಲ. ನಮ್ಮಲ್ಲಿ ಏಪ್ರಿಲ್, ಮೇ ಎಂದರೆ ಬಿಸಿಲು. ದಕ್ಷಿಣ ಉಗಾಂಡಾದಲ್ಲಿ ಮಾರ್ಚ್‌ನಿಂದ ಮೇ ತನಕ ಮಳೆಗಾಲ, ಉತ್ತರದ ಗುಲು ಕಡೆಗೆ ಏಪ್ರಿಲ್‌ನಲ್ಲಿ ಹಿಡಿದ ಮಳೆ ಅಕ್ಟೋಬರ್ ತನಕ ಬಿಡುವುದಿಲ್ಲ. ಟಾರು ಮುಗಿದು ಕೆಮ್ಮಣ್ಣಿನ ರಸ್ತೆ ಶುರುವಾದ ಮೇಲೆ ವ್ಯಾನು ಹೂತುಕೊಳ್ಳುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ ಬೇಕು, ಅದರ ಬಾಡಿಗೆ ಬೇರೆಯೇ. ನುಸಿಯ, ಅಂದರೆ ಸೊಳ್ಳೆಯ, ಕಾಟವೂ ಮಲೇರಿಯಾವೂ ಮಳೆಯೊಂದಿಗೇ ಏರುತ್ತವೆ. ಮೇ ಕೊನೆಯ ವಾರ ಇಳಿದರೆ ಇನ್ನೊಂದು ಸಂಗತಿ: ಜೂನ್ 3 ಉಗಾಂಡಾದ ರಕ್ತಸಾಕ್ಷಿಗಳ ದಿನ. 1886ರಲ್ಲಿ ಅರಸ ಮ್ವಾಂಗನ ಆಜ್ಞೆಯಂತೆ ನಮುಗೊಂಗೋದಲ್ಲಿ ಸುಟ್ಟುಹಾಕಲಾದ ಯುವ ಕ್ರೈಸ್ತರ ನೆನಪಿಗೆ ದೇಶದ ಮೂಲೆಮೂಲೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ರಾಜಧಾನಿ ಕಂಪಾಲಾದ ಆ ದಿಕ್ಕಿನ ರಸ್ತೆಗಳು ತುಂಬಿಹೋಗುತ್ತವೆ, ಚರ್ಚಿನ ಮನೆಗಳಲ್ಲಿ ಮಲಗಲು ಜಾಗ ಇರುವುದಿಲ್ಲ. ಆಚರಣೆ ನೋಡಲೆಂದೇ ಹೋದರೆ ಸಂತೋಷ. ಗೊತ್ತಿಲ್ಲದೆ ಆ ವಾರವೇ ಇಳಿದರೆ ಫಜೀತಿ.

ತಯಾರಿ ಆರು ವಾರ ಮುಂಚೆ ಶುರುವಾಗಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದೆ ಉಗಾಂಡಾ ಒಳಗೆ ಬಿಡುವುದಿಲ್ಲ. ಚುಚ್ಚಿಸಿಕೊಂಡ 10 ದಿನಗಳ ನಂತರವೇ ಆ ಪತ್ರಕ್ಕೆ ಬೆಲೆ. ಆಮೇಲೆ ಅದು ಜೀವಮಾನ ಪೂರ್ತಿ ನಡೆಯುತ್ತದೆ. 2016ಕ್ಕೆ ಮುಂಚೆ ಇದ್ದ ಹತ್ತು ವರ್ಷದ ಮಿತಿ ಈಗ ಇಲ್ಲ. ಈ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗದು, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹಾಗಾಗಿ ಜನ ಕೂಡಿದ ದಿನ, ವಾರದ ಗೊತ್ತಾದ ದಿನಗಳಲ್ಲಷ್ಟೇ ಕೊಡುತ್ತಾರೆ. ಕೊನೆಯ ವಾರ ಓಡಾಡಿದವರಿಗೆ ಸರದಿ ಸಿಗುವುದಿಲ್ಲ. ಮೊಟ್ಟೆ ತಿಂದರೆ ಮೈಗಾಗದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, 60 ದಾಟಿದವರು ಮೊದಲು ವೈದ್ಯರ ಜೊತೆ ಮಾತನಾಡಲೇಬೇಕು. ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ: ಮನೆತನದ ಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಮ್ಮವರಲ್ಲಿ ಮಾಮೂಲು. ಈ ಕಾರ್ಡು ವಾಪಸು ಬರುವಾಗಲೂ ಬೇಕು. ಹಳದಿ ಜ್ವರದ ದೇಶದಿಂದ ಸರಿಯಾದ ಕಾರ್ಡಿಲ್ಲದೆ ಬಂದವರನ್ನು ಭಾರತದಲ್ಲಿ ಆರು ದಿನ ಪ್ರತ್ಯೇಕವಾಗಿ ಇರಿಸಬಹುದು.

ಇನ್ನು ಮಲೇರಿಯಾ. ಮಂಗಳೂರಿನವರಿಗೆ ಈ ಹೆಸರು ಕೇಳಿದರೆ ಭಯವೇ ಇಲ್ಲ, ಅದೇ ಅಪಾಯ. ನಮ್ಮ ಊರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ. ನಡುಗಿಸುತ್ತದೆ, ಸುಸ್ತು ಮಾಡುತ್ತದೆ, ಆದರೆ ಕೊಲ್ಲುವುದು ಅಪರೂಪ, ಕ್ಲೋರೋಕ್ವಿನ್ ಮಾತ್ರೆಗೂ ಬಗ್ಗುತ್ತದೆ. ಉಗಾಂಡಾದಲ್ಲಿ ಇರುವುದು ಬಹುಪಾಲು ಫಾಲ್ಸಿಪಾರಂ. ಅದಕ್ಕೆ ಕ್ಲೋರೋಕ್ವಿನ್ ನಾಟುವುದಿಲ್ಲ. ತಡ ಮಾಡಿದರೆ ಒಂದೆರಡು ದಿನಗಳಲ್ಲೇ ಮಿದುಳಿಗೆ, ಮೂತ್ರಪಿಂಡಕ್ಕೆ ಹೊಡೆಯುತ್ತದೆ. ಮುಂಜಾಗ್ರತೆಗೆ ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು. ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ಅಲ್ಲಿರುವಷ್ಟು ದಿನ ನುಂಗಿ, ಬಂದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಜನ ತಪ್ಪುವುದು ಈ ಕೊನೆಯ ನಾಲ್ಕು ವಾರದಲ್ಲೇ. ನುಸಿ ಕಚ್ಚಿದ ಮೇಲೆ ರೋಗಾಣು ಮೊದಲು ಪಿತ್ತಜನಕಾಂಗದಲ್ಲಿ ಅಡಗಿ, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಅದನ್ನು ಹಿಡಿಯುವುದು ರಕ್ತದಲ್ಲಿ. ಮನೆ ಸೇರಿದೆವಲ್ಲ ಎಂದು ನಿಲ್ಲಿಸಿದರೆ ಕೊನೆಯ ದಿನ ಕಚ್ಚಿದ ನುಸಿಯ ಲೆಕ್ಕ ಬಾಕಿ ಉಳಿಯುತ್ತದೆ. ಈ ಮಾತ್ರೆಯನ್ನು ಊಟದ ಜೊತೆ, ತುಂಬಿದ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ರಾತ್ರಿ ಹಾಸಿಗೆಯ ಮೇಲೆ ಕುಳಿತು ಒಂದು ಗುಟುಕಿನಲ್ಲಿ ನುಂಗಿ ಒರಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಇದರದೇ ಗುಣ. ಕಂಪಾಲಾ ಸಮಭಾಜಕ ವೃತ್ತದ ಪಕ್ಕದಲ್ಲಿದೆ, ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪಿರುವುದರಿಂದ ಸುಡುತ್ತಿರುವುದು ಗೊತ್ತೇ ಆಗದು. ಟೋಪಿ, ತುಂಬು ತೋಳಿನ ಅಂಗಿ ಬೇಕು. ಸಂಜೆಗೆ ಸ್ವೆಟರ್ ಕೂಡ; ನೈಋತ್ಯದ ಗುಡ್ಡಗಾಡು ಕಬಾಲೆ ಕಡೆಗೆ ಹೋಗುವವರಿಗೆ ಒಂದು ಸಾಲದು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಈ ಮದ್ದು ಆಗದು.

ಮೂರನೇ ದಿನವೇ ಒಬ್ಬರಿಗೆ ಜ್ವರ ಬಂತೆನ್ನಿ. ತಂಡ ಗಾಬರಿಯಾಗುತ್ತದೆ. ಫಾಲ್ಸಿಪಾರಂ ಕಚ್ಚಿದ ಮೇಲೆ ಜ್ವರವಾಗಿ ಕಾಣಿಸಿಕೊಳ್ಳಲು ಕಡಿಮೆಯೆಂದರೂ ಏಳು ದಿನ ಬೇಕು. ಆದ್ದರಿಂದ ಆ ಜ್ವರ ಅಲ್ಲಿಯ ಮಲೇರಿಯಾ ಆಗಿರಲಾರದು, ನೆಗಡಿಯೋ ಹೊಟ್ಟೆಯ ಸೋಂಕೋ ಇದ್ದೀತು. ಮಂಗಳೂರಿನಿಂದಲೇ ಹೊತ್ತುಕೊಂಡು ಹೋದ ವೈವಾಕ್ಸ್ ಆಗಿರಲೂಬಹುದು! ಏನೇ ಇರಲಿ, ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿನ ಚಿಕ್ಕ ಆರೋಗ್ಯ ಕೇಂದ್ರದಲ್ಲೂ ಮಲೇರಿಯಾದ ರಾಪಿಡ್ ಟೆಸ್ಟ್ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಎರಡನೇ ವಾರದ ಜ್ವರವನ್ನಂತೂ ಬೇರೆ ಏನೆಂದು ಗೊತ್ತಾಗುವ ತನಕ ಮಲೇರಿಯಾ ಎಂದೇ ನೋಡಬೇಕು. ಚಿಕಿತ್ಸೆಗೆ ಅಲ್ಲಿ ಕೊಡುವುದು ಆರ್ಟಿಮೀಥರ್-ಲ್ಯೂಮೆಫ್ಯಾಂಟ್ರಿನ್. ದೊಡ್ಡವರಿಗೆ ಒಂದು ಹೊತ್ತಿಗೆ ನಾಲ್ಕು ಮಾತ್ರೆ, ಮೂರು ದಿನಕ್ಕೆ ಆರು ಹೊತ್ತು, ಒಟ್ಟು 24. ಹಾಲು, ಶೇಂಗಾ ಅಥವಾ ಜಿಡ್ಡಿರುವ ಊಟದ ಜೊತೆ ತಿಂದರೆ ಮಾತ್ರ ಮೈಗೆ ಸರಿಯಾಗಿ ಹಿಡಿಯುತ್ತದೆ. ಎರಡನೇ ದಿನ ಜ್ವರ ಇಳಿಯಿತೆಂದು ಉಳಿದ ಮಾತ್ರೆ ಚೀಲಕ್ಕೆ ಹಾಕಿಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ.

ಮಾತ್ರೆ ನುಂಗಲು ಬೇಸರಪಡುವವರಿಗೆ ನಮ್ಮ ಬಾಸೆಲ್ ಮಿಷನ್ನಿನ ಒಂದು ಕತೆ ಹೇಳಬೇಕು. ಹೆಂಚು, ನೇಯ್ಗೆ, ಮುದ್ರಣದ ಮೂಲಕ ಕರಾವಳಿಗೆ ಪರಿಚಿತವಾದ ಈ ಮಿಷನ್ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸಿತು. ಅದಕ್ಕೂ ಮುಂಚೆ, 1828ರಲ್ಲಿ, ಈಗಿನ ಘಾನಾದ ಕರಾವಳಿಗೆ ನಾಲ್ವರನ್ನು ಕಳಿಸಿತ್ತು. 1829ರ ಆಗಸ್ಟ್ ಮುಗಿಯುವಷ್ಟರಲ್ಲಿ ಅವರಲ್ಲಿ ಮೂವರು ತೀರಿಕೊಂಡಿದ್ದರು. ನಾಲ್ಕನೆಯವರು 1831ರಲ್ಲಿ. ಆಮೇಲೆ ಹೋದ ಆಂಡ್ರಿಯಾಸ್ ರೀಸ್ ಬದುಕಿ ಉಳಿದು, ಕರಾವಳಿ ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್‌ಗೆ ನೆಲೆ ಬದಲಿಸಿದ ಮೇಲೆಯೇ ಅಲ್ಲಿ ಕೆಲಸ ನಿಂತದ್ದು. ಅವರ ಕಾಲಕ್ಕೆ ಮಾತ್ರೆ ಇರಲಿಲ್ಲ, ನುಸಿಪರದೆಯ ಮಹತ್ವ ಗೊತ್ತಿರಲಿಲ್ಲ. ನಮಗೆ ಎರಡೂ ಇವೆ. ಕೀಟನಾಶಕ ಹಚ್ಚಿದ ಪರದೆಯನ್ನು ಇಲ್ಲಿಂದಲೇ ಒಯ್ಯಿರಿ, ಜೊತೆಗೆ ಹತ್ತು ಮೀಟರ್ ನೈಲಾನ್ ಹಗ್ಗ, ನಾಲ್ಕು ಕೊಕ್ಕೆ. ಪರದೆ ಇದ್ದು ಕಟ್ಟಲು ಮೊಳೆಯಿಲ್ಲ ಎಂದು ಮೊದಲ ರಾತ್ರಿ ಹಾಗೆಯೇ ಮಲಗುವವರು ತುಂಬ.

ಸಾಮಾನಿನ ವಿಚಾರದಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಶಿಬಿರದ ಔಷಧವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬುವುದು. ಆ ಪೆಟ್ಟಿಗೆ ಬರದಿದ್ದರೆ ಶಿಬಿರ ಇಲ್ಲ. ಬಂದರೂ ಕಸ್ಟಮ್ಸ್‌ನವರು ತೆರೆಸುತ್ತಾರೆ. ಔಷಧ ಒಳಗೆ ತರಲು ಉಗಾಂಡಾದ ರಾಷ್ಟ್ರೀಯ ಔಷಧ ಪ್ರಾಧಿಕಾರದ ಅನುಮತಿ ಬೇಕು. ದಾನದ ಔಷಧಕ್ಕೆ ಅಲ್ಲಿ ಇಳಿದ ದಿನದಿಂದ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಕ್ಲಿನಿಕ್‌ಗಳಿಂದ ಒಟ್ಟುಮಾಡಿದ ಸ್ಯಾಂಪಲ್ ಪೊಟ್ಟಣಗಳು ಈ ಅಳತೆಗೆ ನಿಲ್ಲುವುದು ಕಷ್ಟ. ಅಷ್ಟಕ್ಕೂ ಇಲ್ಲಿಂದ ಹೊರುವುದೇಕೆ? ಕಂಪಾಲಾದಲ್ಲಿ ಜಾಯಿಂಟ್ ಮೆಡಿಕಲ್ ಸ್ಟೋರ್ ಇದೆ. ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ವೈದ್ಯಕೀಯ ಮಂಡಳಿಗಳು ಸೇರಿ 1979ರಲ್ಲಿ ಕಟ್ಟಿದ್ದು, ಚರ್ಚಿನ ಆಸ್ಪತ್ರೆಗಳಿಗೆ ಔಷಧ ಒದಗಿಸುವುದೇ ಅದರ ಕೆಲಸ. ಆತಿಥೇಯ ಆಸ್ಪತ್ರೆಯ ಮೂಲಕ ಅಲ್ಲಿಯೇ ಖರೀದಿಸಿದರೆ ಅನುಮತಿಯ ತಲೆಬಿಸಿಯಿಲ್ಲ, ಸ್ಥಳೀಯ ನರ್ಸ್‌ಗೆ ಪರಿಚಯವಿರುವ ಔಷಧವೇ ಸಿಗುತ್ತದೆ. ಪೆಟ್ಟಿಗೆಗಳ ಮೇಲೆ ಭಾರತದ ಕಂಪನಿಗಳ ಹೆಸರು ಕಂಡರೆ ಆಶ್ಚರ್ಯಪಡಬೇಡಿ.

ವೈದ್ಯರೂ ದಾದಿಯರೂ ಇಲ್ಲಿಯ ನೋಂದಣಿಯ ಬಲದ ಮೇಲೆ ಅಲ್ಲಿ ರೋಗಿಗಳನ್ನು ಮುಟ್ಟುವಂತಿಲ್ಲ. ಅಲ್ಲಿಯ ವೈದ್ಯ ಮಂಡಳಿ, ನರ್ಸ್-ಸೂಲಗಿತ್ತಿಯರ ಮಂಡಳಿಯಿಂದ ತಾತ್ಕಾಲಿಕ ಅನುಮತಿ ಪಡೆಯಬೇಕು. ಪ್ರವಾಸಿ ವೀಸಾ ಪ್ರವಾಸಕ್ಕೆ ಮಾತ್ರ. ನೀವು ಮಾಡಲಿರುವ ಕೆಲಸಕ್ಕೆ ಯಾವ ಪಾಸ್ ಬೇಕೆಂದು ಆತಿಥೇಯ ಧರ್ಮಪ್ರಾಂತದ ಕಚೇರಿಯಿಂದ ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ಇಮಿಗ್ರೇಷನ್ ಕೌಂಟರಿನಲ್ಲಿ ಒಬ್ಬರು ಪ್ರವಾಸ ಎಂದು, ಇನ್ನೊಬ್ಬರು ಕ್ಯಾಂಪ್ ಎಂದು, ಮೂರನೆಯವರು ಸುವಾರ್ತೆ ಎಂದು ಹೇಳಿದರೆ ಮೊದಲ ದಿನ ಅಲ್ಲಿಯೇ ಮುಗಿಯುತ್ತದೆ.

ಸಣ್ಣಪುಟ್ಟವು ಕೆಲವು. ಕೈಚೀಲದಲ್ಲಿ ಎರಡು ದಿನದ ಬಟ್ಟೆ, ಸ್ವಂತ ಔಷಧ, ವೈದ್ಯರ ಚೀಟಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಕೊಬ್ಬರಿ ಬೇಡ, ಬೇಗ ಬೆಂಕಿ ಹಿಡಿಯುವ ವಸ್ತುವೆಂದು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಕೀನ್ಯಾ, ತಾಂಜಾನಿಯಾ ಅಥವಾ ರುವಾಂಡಾಕ್ಕೂ ಹೋಗುವುದಿದ್ದರೆ ಪ್ಲಾಸ್ಟಿಕ್ ಕೈಚೀಲ ಒಂದೂ ಇರಬಾರದು, ಅಲ್ಲಿ ನಿಷೇಧ ಬಿಗಿಯಾಗಿದೆ. ಉಗಾಂಡಾದ ಪ್ಲಗ್ಗಿಗೆ ಚಪ್ಪಟೆಯ ಮೂರು ಕಡ್ಡಿ, ನಮ್ಮ ಗುಂಡು ಕಡ್ಡಿ ಹೋಗದು. ಡಾಲರ್ ನೋಟು ಹೊಸದಾಗಿ, ಮಡಿಕೆ-ಗೀಟು ಇಲ್ಲದೆ ಇರಲಿ. ಹಳೆಯ ಮುದ್ರಣದ ನೋಟನ್ನು ವಿನಿಮಯದವರು ತೆಗೆದುಕೊಳ್ಳದೆ ಇರಬಹುದು, ಸಣ್ಣ ನೋಟಿಗೆ ದರ ಕಡಿಮೆ. ನಿತ್ಯದ ವ್ಯವಹಾರವೆಲ್ಲ ಮೊಬೈಲ್ ಮನಿಯಲ್ಲಿ, ಅದಕ್ಕೆ ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆಯಬೇಕು. ಇದಕ್ಕೇ ಅರ್ಧ ದಿನ ಹಿಡಿಯುತ್ತದೆ.

ಈಗ ಇಳಿದ ರಾತ್ರಿ. ಎಂಟೆಬೆಯಿಂದ ಕಂಪಾಲಾ ಸುಮಾರು 40 ಕಿಲೋಮೀಟರ್, ಗುಲು ಇನ್ನೂ 330. ವಿಮಾನ ಸಂಜೆ ಇಳಿದರೂ ರಾತ್ರಿಯೇ ಗುಲು ತಲಪಿಬಿಡೋಣ ಎನ್ನುವ ಉತ್ಸಾಹ ಬೇಡವೇ ಬೇಡ. ದೀಪವಿಲ್ಲದೆ ಕೆಟ್ಟು ನಿಂತ ಲಾರಿ, ಕತ್ತಲಲ್ಲಿ ನಡೆದು ಹೋಗುವ ಜನ, ನಿದ್ದೆಗಣ್ಣಿನ ಚಾಲಕ. ಇಂಥ ಯಾತ್ರೆಗಳಲ್ಲಿ ಮಲೇರಿಯಾಕ್ಕಿಂತ ಮೊದಲು ಹೆದರಬೇಕಾದದ್ದು ರಸ್ತೆಗೆ. ಬೋಡಾ-ಬೋಡಾ ಎಂಬ ಬಾಡಿಗೆ ಬೈಕನ್ನು ತಂಡದ ಯಾರೂ ಹತ್ತಬಾರದು, ಹೆಲ್ಮೆಟ್ ಕೊಟ್ಟರೂ. ವಿಮೆ ತೆಗೆದುಕೊಳ್ಳುವಾಗ ಬೈಕ್ ಅಪಘಾತವೂ, ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚೂ ಒಳಗೊಂಡಿದೆಯೇ ಎಂದು ಓದಿ ನೋಡಿ.

ಮೊದಲ ವಾರದಲ್ಲಿ ಹೆಚ್ಚು ಮಂದಿಯನ್ನು ಮಲಗಿಸುವುದು ಹೊಟ್ಟೆ. ನೀರು ಚೆನ್ನಾಗಿ ಕುದಿಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಕ್ಲೋರಿನ್ ಮಾತ್ರೆ ಹಾಕಿದರೆ ಅರ್ಧ ಗಂಟೆ ಕಾಯಬೇಕು. ನೀರು ಮಣ್ಣಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಬೇಕು, ಇಲ್ಲವಾದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗುತ್ತದೆ. ಕುಡಿಯುವ ನೀರನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಹಲ್ಲುಜ್ಜುವ ನೀರನ್ನು ಮರೆಯುತ್ತಾರೆ. ಓಆರ್‌ಎಸ್ ಪೊಟ್ಟಣಗಳಲ್ಲಿ ಒಂದು ಲೀಟರಿನದೂ ಇದೆ, 200 ಮಿಲಿಲೀಟರಿನದೂ ಇದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ಭೇದಿ ಇನ್ನೂ ಕೆಡುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರಕ್ತ ಬಿದ್ದರೆ ಅಥವಾ ಜ್ವರ ಸೇರಿದರೆ ಭೇದಿ ನಿಲ್ಲಿಸುವ ಮಾತ್ರೆ ಬೇಡ, ಆಸ್ಪತ್ರೆಗೆ ಹೋಗಿ. ಊಟದ ಬಗ್ಗೆ ಹೆದರಬೇಕಾದ್ದಿಲ್ಲ. ಬೇಯಿಸಿ ಹಿಸುಕಿದ ಮಟೋಕೆ ಬಾಳೆಕಾಯಿ, ಬೀನ್ಸ್, ಶೇಂಗಾ ಸಾರು, ಬಿಳಿ ಮೆಕ್ಕೆಜೋಳದ ಮುದ್ದೆಯಂಥ ಪೋಷೋ. ಬಿಸಿಬಿಸಿಯಾಗಿ ಬಡಿಸಿದ್ದೆಲ್ಲ ಒಳ್ಳೆಯದು. ಆರಿದ್ದು, ಹಸಿ ಸಲಾಡ್, ಬರ್ಫ ಬೇಡ.

ಆತಿಥೇಯರ ಕಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹದಿನೈದು ಮಂದಿ ಚರ್ಚಿನ ಮನೆಯಲ್ಲಿ ಇಳಿದುಕೊಂಡರು ಎನ್ನಿ. ತಲೆಗೆ ದಿನಕ್ಕೆ 20 ಲೀಟರ್ ಎಂದು ಕೈಬಿಗಿ ಹಿಡಿದರೂ 300 ಲೀಟರ್, ಅಂದರೆ 15 ಹಳದಿ ಜೆರ್ರಿಕ್ಯಾನ್. ಕೊಳವೆಬಾವಿ ದೂರವಿದ್ದರೆ ಅದನ್ನು ಹೊತ್ತು ತರುವುದು ಬಹುತೇಕ ಅಲ್ಲಿಯ ಹುಡುಗಿಯರು. ನಾವು ಸೇವೆಗೆಂದು ಹೋದವರು, ನಮ್ಮ ಸ್ನಾನದ ನೀರು ಅವರ ತಲೆಯ ಮೇಲೆ. ಆದ್ದರಿಂದ ನೀರು ತರಿಸುವ ಗಾಡಿಯ ಬಾಡಿಗೆ, ಡೀಸೆಲ್, ಅಡುಗೆಯವರ ಕೂಲಿ, ಅಕ್ಕಿ-ಎಣ್ಣೆಯ ಖರ್ಚನ್ನು ಮೊದಲೇ ಕೇಳಿ ಕೊಟ್ಟುಬಿಡಬೇಕು. ಕೇಳದೆ ಅವರಾಗಿ ಹೇಳುವುದಿಲ್ಲ. ಅತಿಥಿಗೆಂದು ಕೋಳಿ ಕೊಯ್ಯುತ್ತಾರೆ, ಸೋಡಾ ತರಿಸುತ್ತಾರೆ, ಸಾಲ ಮಾಡಿಯಾದರೂ.

ನಾವು ಹೋಗುವುದು ಕ್ರಿಸ್ತನ ಹೆಸರು ಕೇಳದ ನಾಡಿಗಲ್ಲ ಎನ್ನುವುದೂ ನೆನಪಿರಲಿ. ಅಲ್ಲಿ ಹತ್ತರಲ್ಲಿ ಎಂಟು ಮಂದಿ ಕ್ರೈಸ್ತರು. ಕಂಪಾಲಾದಲ್ಲಿ ಮಿಷನರಿಗಳು ಕಟ್ಟಿದ ಮೆಂಗೋ ಆಸ್ಪತ್ರೆಯೇ 1897ರದು. ಅಲ್ಲಿಯ ಸಭೆಗೆ ತನ್ನದೇ ಕ್ರಮ ಇದೆ. ಊರಿಗೆ ಹೋದೊಡನೆ ಧರ್ಮಗುರುಗಳ ಜೊತೆ ಎಲ್‌ಸಿ-1 ಎಂದು ಕರೆಯುವ ಗ್ರಾಮ ಸಮಿತಿಯ ಅಧ್ಯಕ್ಷರನ್ನು ಕಂಡು, ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಬೇಕು. ಕುಶಲ ವಿಚಾರಿಸದೆ ಕೆಲಸದ ಮಾತು ತೆಗೆಯುವುದು ಒರಟುತನ. ಕಂಪಾಲಾ ಸುತ್ತಲಿನ ಬುಗಾಂಡಾ ಪ್ರಾಂತದಲ್ಲಿ ಹೆಂಗಸರು ಮೊಣಕಾಲೂರಿ ನಮಸ್ಕರಿಸಿದರೆ ಗಡಿಬಿಡಿಯಿಂದ ಎಬ್ಬಿಸಲು ಹೋಗಬೇಡಿ, ಮೊಬೈಲ್ ಎತ್ತಿ ಫೋಟೊ ಅಂತೂ ಬೇಡ. ಆರಾಧನೆ ಮೂರು ಗಂಟೆ ನಡೆಯಬಹುದು, ಅತಿಥಿಗಳೆಲ್ಲ ಎದ್ದು ನಾಲ್ಕು ಮಾತಾಡಬೇಕಾಗಬಹುದು. ಇಪ್ಪತ್ತು ನಿಮಿಷದ ಸಂದೇಶ ಭಾಷಾಂತರದೊಂದಿಗೆ ನಲವತ್ತಾಗುತ್ತದೆ. ಒಂದು ಸಣ್ಣ ವಾಕ್ಯ ಹೇಳಿ ನಿಲ್ಲಿ, ಅನುವಾದಕರನ್ನು ಹಿಂದಿನ ದಿನವೇ ಕೂರಿಸಿಕೊಂಡು ವಚನಗಳನ್ನು ತೋರಿಸಿ. ಸ್ಥಳೀಯ ಭಾಷೆಯಲ್ಲಿ ಗಂಟೆಯ ಲೆಕ್ಕ ಸೂರ್ಯೋದಯದಿಂದ ಶುರು, ಮೂರನೇ ಗಂಟೆ ಎಂದರೆ ನಮ್ಮ ಬೆಳಗಿನ ಒಂಬತ್ತು. ಹೊತ್ತು ಗೊತ್ತು ಮಾಡುವಾಗ ಯಾವ ಲೆಕ್ಕ ಎಂದು ಕೇಳಿಕೊಳ್ಳಿ.

ಬಡತನ ಕಂಡು ಮೊದಲ ದಿನವೇ ಕಣ್ಣು ತುಂಬಿ ‘ನಿನ್ನ ಫೀಸು ನಾನು ಕಟ್ಟುತ್ತೇನೆ’ ಎಂದು ಮಾತು ಕೊಡುವುದು ದೊಡ್ಡ ಅನಾಹುತ. ಆ ಮಗು ವರ್ಷಗಟ್ಟಲೆ ಕಾಯುತ್ತದೆ. ಏನು ಕೊಡುವುದಿದ್ದರೂ ಕೊನೆಯ ವಾರ, ಸ್ಥಳೀಯ ಸಮಿತಿಯ ಮೂಲಕ.

ಹೊರಗೆ ಒಣಹಾಕಿದ ಬಟ್ಟೆಗೆ ಎರಡೂ ಬದಿ ಇಸ್ತ್ರಿ ಹಾಕಿ, ಒಳಬಟ್ಟೆಗೂ. ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುವ ಒಂದು ನೊಣದ ಮರಿ ಚರ್ಮದೊಳಗೆ ಹೊಕ್ಕು ಕುರುವಿನಂತೆ ಬೆಳೆಯುತ್ತದೆ, ಕಾದ ಇಸ್ತ್ರಿಗೆ ಮೊಟ್ಟೆ ಸಾಯುತ್ತದೆ. ಬರಿಗಾಲಲ್ಲಿ ನಡೆಯಬೇಡಿ, ಜಿಗ್ಗರ್ ಎಂಬ ಚಿಗಟ ಕಾಲುಗುರಿನ ಸಂದಿಗೆ ಸೇರುತ್ತದೆ. ಬಿಡುವಿನ ದಿನ ಎಲ್ಲ ತಂಡಗಳೂ ಹೋಗುವುದು ಜಿಂಜಾಕ್ಕೆ: ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವ ಜಾಗ, ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಬಿಟ್ಟದ್ದೂ ಅಲ್ಲಿಯೇ. ದೋಣಿಯಲ್ಲಿ ಹೋಗಿ ಬನ್ನಿ, ನೀರಿಗೆ ಕಾಲಿಡಬೇಡಿ. ಬಸವನಹುಳುಗಳಿಂದ ಹೊರಬರುವ ಬಿಲ್ಹಾರ್ಜಿಯಾ ರೋಗದ ಹುಳು ಕೆಲವೇ ನಿಮಿಷಗಳಲ್ಲಿ ಚರ್ಮ ತೂರಿ ಒಳಹೋಗುತ್ತದೆ. ಸರೋವರದಲ್ಲಿ ದೀಕ್ಷಾಸ್ನಾನ ಇಟ್ಟುಕೊಳ್ಳುವ ಸಭಾಪಾಲಕರಿಗೂ ಇದೇ ಮಾತು. ತೊಟ್ಟಿ ಕಟ್ಟಿಸಿ, ನೀರು ತುಂಬಿ ಎರಡು ದಿನ ಬಿಡಿ, ಅಷ್ಟರಲ್ಲಿ ಆ ಹುಳು ಸತ್ತಿರುತ್ತದೆ. ನೀರಿಗೆ ಇಳಿದೇಬಿಟ್ಟವರು ಆರರಿಂದ ಎಂಟು ವಾರ ಕಳೆದು ಪರೀಕ್ಷೆ ಮಾಡಿಸಲಿ.

ಹಾಗಾದರೆ ಆ ನಾಲ್ಕು ದಿನ ಏನು ಮಾಡುವುದು? ಮೊದಲ ದಿನ ಕಂಪಾಲಾದಲ್ಲೇ ನಿದ್ದೆ, ಸಿಮ್, ಹಣ. ಎರಡನೇ ದಿನ ಹಗಲು ಹೊತ್ತಿನ ಪ್ರಯಾಣ. ಮೂರನೇ ದಿನ ಭೇಟಿಗಳು, ಪರದೆ ಕಟ್ಟುವುದು, ನೀರಿನ ವ್ಯವಸ್ಥೆ. ನಾಲ್ಕನೇ ದಿನ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಅಲ್ಲಿಯವರ ಪಕ್ಕದಲ್ಲಿ ಕುಳಿತು ಅವರು ಕೆಲಸ ಮಾಡುವ ರೀತಿ ನೋಡುವುದು, ಬಾಯಿ ಮುಚ್ಚಿಕೊಂಡು. ತಂಡದೊಳಗೆ ಜಗಳ ಹುಟ್ಟುವುದೂ ಮೂರು ನಾಲ್ಕನೇ ದಿನವೇ: ನಿದ್ದೆಯಿಲ್ಲ, ಹೊಟ್ಟೆ ಸರಿಯಿಲ್ಲ, ಮನೆಯ ನೆನಪು. ಸಂಜೆ ಅರ್ಧ ಗಂಟೆ ಎಲ್ಲರೂ ಕೂತು ಮಾತಾಡಲಿ. ಮನೆಗೆ ಫೋನಿನ ಹೊತ್ತು ಗೊತ್ತಿರಲಿ. ಅಲ್ಲಿ ರಾತ್ರಿ ಎಂಟು ಎಂದರೆ ಇಲ್ಲಿ ಹತ್ತೂವರೆ, ಅಪ್ಪ-ಅಮ್ಮ ಕಾಯುತ್ತಿರುತ್ತಾರೆ. ಎರಡೇ ವಾರದ ಯಾತ್ರೆಯಲ್ಲಿ ನಾಲ್ಕು ದಿನ ಬಿಟ್ಟರೆ ಉಳಿಯುವುದೇನು ಎಂದು ಕೇಳುವ ಪಾಲನಾ ಸಮಿತಿಗಳಿಗೆ ನಮ್ಮ ಉತ್ತರ: ಮೂರು ವಾರಕ್ಕೆ ಕಳಿಸಿ, ಅಥವಾ ಕಳಿಸುವ ಮಂದಿಯನ್ನು ಅರ್ಧಕ್ಕೆ ಇಳಿಸಿ.

ಮರಳಿ ಬಂದ ಮೂರು ತಿಂಗಳೊಳಗೆ ಜ್ವರ ಬಂದವರು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಉಗಾಂಡಾ ಎಂದು ಹೇಳಬೇಕು. ಜೂನ್-ಜುಲೈಯಲ್ಲಿ ಮಂಗಳೂರಿನಲ್ಲಿ ಜ್ವರ ಎಂದರೆ ಡೆಂಗಿ ಅಥವಾ ಊರಿನ ಮಲೇರಿಯಾ ಎಂದೇ ಯೋಚನೆ ಹೋಗುತ್ತದೆ. ಫಾಲ್ಸಿಪಾರಂ ಎಂದು ಗೊತ್ತಾದರೂ ನಮ್ಮ ಭಾಗದಲ್ಲಿ ರೂಢಿಯಲ್ಲಿರುವ ಆರ್ಟಿಸುನೇಟ್ ಜೊತೆಗಿನ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಪೂರ್ವ ಆಫ್ರಿಕಾದ ರೋಗಾಣುವಿಗೆ ಸರಿಯಾಗಿ ನಾಟದೆ ಇರಬಹುದು, ಅಲ್ಲಿ ಅದಕ್ಕೆ ಪ್ರತಿರೋಧ ಬಹಳ ಹಿಂದೆಯೇ ಬೆಳೆದಿದೆ. ಎಲ್ಲಿಂದ ಬಂದ ಜ್ವರವೆಂದು ತಿಳಿದರೆ ವೈದ್ಯರು ಬೇರೆ ಔಷಧ ಆರಿಸುತ್ತಾರೆ.

— ಸೇವಾಯಾತ್ರೆಯ ತಂಡಗಳಿಗೆ ತರಬೇತಿ ನೀಡುವ ವೈದ್ಯರು ಮತ್ತು ದಾದಿಯರು, ಮಂಗಳೂರು